ಅಡುಗೆಮನೆಯ ಕೆಳಗಿನ ತೊರೆ

ದಿನಕ್ಕೊಮ್ಮೆ, ಸಮುದ್ರದ ಉಬ್ಬರಕ್ಕೆ ನದಿಯಲ್ಲಿ ಭರತ ಏರುವ ಹೊತ್ತಿಗೆ, ಅರ್ಬೈನಾಳ ಅಡುಗೆಮನೆಯಲ್ಲಿ ಒಂದು ಮಗು ನಡೆದಾಡುತ್ತಿತ್ತು.

ಒದ್ದೆ ಕಾಲಿನ ಸಪ್ಪಳ. ಸಿಮೆಂಟು ನೆಲದ ಮೇಲೆ ಪಟ ಪಟ ಪಟ ಎಂದು ನಾಲ್ಕೈದು ಹೆಜ್ಜೆ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ನಾಲ್ಕೈದು. ಅರ್ಬೈನಾ ಆಗ ಬಾಳೆಎಲೆಯಲ್ಲಿ ಕಡುಬು ಕಟ್ಟುತ್ತಿರಲಿ, ತೆಂಗಿನಕಾಯಿ ತುರಿಯುತ್ತಿರಲಿ, ಕೈ ನಿಲ್ಲಿಸುತ್ತಿರಲಿಲ್ಲ, ತಲೆಯನ್ನೂ ಎತ್ತುತ್ತಿರಲಿಲ್ಲ. ತಿರುಗಿ ನೋಡಿದರೆ ಸಪ್ಪಳ ನಿಂತುಹೋಗುತ್ತದೆಂದು ಮೊದಲ ವರ್ಷವೇ ಕಲಿತಿದ್ದಳು. ಎಲ್ಲ ಮುಗಿದ ಮೇಲೆ ಎದ್ದು ಹೋಗಿ ನೋಡುವಳು. ನೆಲದ ಮೇಲೆ ಅಂಗೈಯಗಲದ ಒದ್ದೆ ಗುರುತುಗಳು ಹತ್ತೋ ಹನ್ನೆರಡೋ ಇರುತ್ತಿದ್ದವು. ಅವಳು ಬಗ್ಗುವಷ್ಟರಲ್ಲಿ ಅಂಚುಗಳು ಆರಿ, ಹಿಮ್ಮಡಿ ಯಾವುದು ಬೆರಳು ಯಾವುದು ಎಂದು ತಿಳಿಯದಂತಾಗುತ್ತಿತ್ತು. ತಿಳಿಯುವ ಅಗತ್ಯವೂ ಅವಳಿಗಿರಲಿಲ್ಲ. ಹಿಂದಿನ ಗೋಡೆಯಿಂದ ಹೊರಟು ಒಲೆಯ ಕಡೆಗೆ, ಒಲೆಯ ಮುಂದೆ ಕೂತ ತನ್ನ ಬೆನ್ನಿನ ಕಡೆಗೆ ಬಂದ ಹೆಜ್ಜೆಗಳು ಅವು. ಮಗು ಇನ್ನೆಲ್ಲಿಗೆ ಹೋದೀತು?

ಒಂದು ಬಿಸಿ ಕಡುಬನ್ನು ತಟ್ಟೆಯಲ್ಲಿಟ್ಟು ಗೋಡೆಯ ಬುಡದಲ್ಲಿ ಇಡುವಳು. ಸಂಜೆಯೊಳಗೆ ಅದಕ್ಕೆ ಇರುವೆ ಮುತ್ತುತ್ತಿತ್ತು. ಅದರಿಂದ ಅವಳಿಗೆ ಬೇಸರವೇನೂ ಆಗುತ್ತಿರಲಿಲ್ಲ.

ಇಪ್ಪತ್ತಮೂರು ವರ್ಷದ ಹಿಂದೆ ಆ ಗೋಡೆ ಇರಲಿಲ್ಲ. ಆ ಕಡೆಗೊಂದು ಬಾಗಿಲಿತ್ತು. ಬಾಗಿಲಾಚೆ ಮೂರು ಮೆಟ್ಟಿಲು, ಮೆಟ್ಟಿಲಾಚೆ ಮನೆಯಿಂದ ಮನೆಗೆ ಹಾದುಹೋಗುವ ಹಲಗೆಯ ಕಾಲುದಾರಿ, ಅದರ ಕೆಳಗೆ ರಂಬಾಯ್ ತೊರೆ. ಬಂಜರ್ಮಾಸಿನ್ನಿನ ಅರ್ಧ ಊರು ಹಾಗೆ ನೀರಿಗೆ ಮುಖ ಮಾಡಿಕೊಂಡೇ ಬದುಕುತ್ತಿದ್ದ ಕಾಲ ಅದು. ಬೆಳಕು ಹರಿಯುವಾಗ ಅಗಲ ಟೋಪಿಯ ಹೆಂಗಸರು ಕಿರುದೋಣಿಗಳಲ್ಲಿ ಸೊಪ್ಪು, ಬಾಳೆಹಣ್ಣು, ಹಿಂದಿನ ದಿನ ಹಿಡಿದ ಕೊರವ ಮೀನು ತುಂಬಿಕೊಂಡು ಹಿಂಬಾಗಿಲಿಗೇ ಬರುತ್ತಿದ್ದರು. ಓಣಿಯ ಸುದ್ದಿಯೆಲ್ಲ ಆ ದೋಣಿಗಳ ಜೊತೆಯಲ್ಲೇ ತೇಲಿ ಬರುತ್ತಿತ್ತು. ಮಧ್ಯಾಹ್ನದ ಉರಿಯಲ್ಲೂ ದಡದ ರಂಬಾಯ್ ಮರಗಳ ಕೆಳಗಿಂದ ತಣ್ಣನೆ ಗಾಳಿ ಹೊರಟು ಮನೆಯನ್ನು ಹಾಯ್ದು ಮುಂಬಾಗಿಲಿನಿಂದ ಹೋಗುತ್ತಿತ್ತು. ಜನವರಿಯ ಮಳೆಗೆ ನೀರು ಹಲಗೆಯ ಮೇಲೆ ಬಂದರೂ ಇಳಿತಕ್ಕೆ ಸರಸರನೆ ಇಳಿದುಹೋಗುತ್ತಿತ್ತು. ಮದುವಣಗಿತ್ತಿಯರು ದೋಣಿಯಲ್ಲಿ ಬರುತ್ತಿದ್ದರು, ಸತ್ತವರು ದೋಣಿಯಲ್ಲಿ ಹೋಗುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಅರ್ಬೈನಾಳ ಮಗಳು ಇಂತಾನ್ ಬಾತುಕೋಳಿಯ ಮರಿಯೊಂದನ್ನು ಹುಡುಕಿಕೊಂಡು ಹಲಗೆದಾರಿಗೆ ಇಳಿದಳು. ಏಳು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಆದರೂ ಬಾಯಿ ತುಂಬ ಮಾತು. ಎದುರು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಕಸ್ಮಾ ಮಗು ನಿಂತಿದ್ದನ್ನು ನೋಡಿದ್ದಳು. ಸೀರೆಯಷ್ಟು ಉದ್ದದ ಬಟ್ಟೆಯೊಂದನ್ನು ಹಿಂಡಿ ತಲೆಯೆತ್ತಿದಾಗ ಹಲಗೆಯ ಮೇಲೆ ಯಾರೂ ಇರಲಿಲ್ಲ. ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಅರ್ಬೈನಾಳಿಗೆ ಏನೂ ಕೇಳಿಸಿರಲಿಲ್ಲ. ಒಂದು ಕೂಗಿಲ್ಲ, ನೀರು ಚಿಮ್ಮಿದ ಸದ್ದಿಲ್ಲ. ಆಗ ಕೇಳಿಸದ ಕಿವಿಗೆ ಆಮೇಲೆ ಅಷ್ಟು ಸಣ್ಣ ಹೆಜ್ಜೆಸಪ್ಪಳವೂ ಕೇಳಿಸುವಂತಾಯಿತಲ್ಲ, ಅದನ್ನವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಮೂರು ದಿನ ಓಣಿಯ ಗಂಡಸರೆಲ್ಲ ಮುಳುಗಿ ಹುಡುಕಿದರು. ತೊರೆ ಸೇರುವ ಮಾರ್ತಾಪುರಾ ನದಿಯವರೆಗೂ ಬಲೆ ಎಳೆದರು. ಮಗು ಸಿಗಲಿಲ್ಲ. ಕೊನೆಗೆ ದೇಹವಿಲ್ಲದೆಯೇ ಮಸೀದಿಯಲ್ಲಿ ನಮಾಜು ಮಾಡಿದರು. ನಲವತ್ತನೆಯ ದಿನದ ಊಟ ಮುಗಿದ ಮರುದಿನ ಅವಳ ಗಂಡ ಜಮ್ಹಾರಿ ಭತ್ತದ ಹೊಟ್ಟಿನ ಒಂದು ಮೂಟೆ ಹೊತ್ತು ತಂದು ಹಿಂಬಾಗಿಲಲ್ಲಿ ನಿಂತು ತೊರೆಗೆ ಸುರಿದ. ಅವನು ಬಡಗಿ. ಅರ್ಧ ಓಣಿಯ ದೋಣಿಗಳನ್ನೂ ಹಲಗೆದಾರಿಗಳನ್ನೂ ಮಾಡಿದವನು.

"ಇನ್ನು ಯಾರ ಮಗೂನೂ ಇದು ತಿನ್ನಬಾರದು," ಎಂದ. ಅವನನ್ನು ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ.

ಹೊಟ್ಟು, ಮರದ ಪುಡಿ, ಒಡೆದ ಇಟ್ಟಿಗೆ, ಮಣ್ಣು. ಎರಡು ವರ್ಷ ಸುರಿದ. ತೊರೆ ಕಟ್ಟಿಕೊಂಡ ಮೇಲೆ ಅಕ್ಕಪಕ್ಕದವರೂ ಸುರಿದರು. ಅವರಿಗೆ ದುಃಖವಿರಲಿಲ್ಲ, ಒಂದೊಂದು ಕೋಣೆ ಹೆಚ್ಚು ಸಿಗುತ್ತಿತ್ತು. ರಂಬಾಯ್ ಮರಗಳು ಒಣಗಿ ಸೌದೆಯಾದವು. ಗಾಳಿ ನಿಂತಿತು. ಮಧ್ಯಾಹ್ನ ತಗಡಿನ ಕೆಳಗೆ ಕೂರಲಾಗದೆ ಜನ ಮುಂಬಾಗಿಲಲ್ಲಿ ಬೀಸಣಿಗೆ ಹಿಡಿದು ಕೂರತೊಡಗಿದರು. ಸೊಳ್ಳೆ ಬಂತು, ಜ್ವರ ಬಂತು. ಜಮ್ಹಾರಿ ಹಿಂಬಾಗಿಲು ಕಿತ್ತು ಗೋಡೆ ಕಟ್ಟಿ, ತೊರೆಯಿದ್ದಲ್ಲಿಗೂ ಅಡುಗೆಮನೆಯನ್ನು ಹಿಗ್ಗಿಸಿ ಸಿಮೆಂಟು ಬಳಿದ. ಆ ಸಿಮೆಂಟು ಒಣಗಿದ ತಿಂಗಳೇ ಸಪ್ಪಳ ಶುರುವಾಗಿದ್ದು. ಜಮ್ಹಾರಿಗೂ ಕೇಳಿಸುತ್ತಿತ್ತೇನೋ. ಆ ಹೊತ್ತಿಗೆ ಅವನು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ತೀರಿಕೊಂಡ.

ಅರ್ಬೈನಾ ಮುಂಬಾಗಿಲಲ್ಲಿ ಕಡುಬು, ಚಹಾ ಮಾರಿಕೊಂಡು ಒಬ್ಬಳೇ ಉಳಿದಳು. ಒಬ್ಬಳೇ ಎಂದು ಬೇರೆಯವರು ಹೇಳುತ್ತಿದ್ದರು.

ಇಂತಾನ್ ಹೋಗಿ ಇಪ್ಪತ್ತಮೂರು ವರ್ಷವಾದ ಆ ನವೆಂಬರಿನಲ್ಲಿ ಓಣಿಯ ಮುಖಂಡ ಶಹರಾನಿ ಒಬ್ಬ ಇಂಜಿನಿಯರ್ ಹುಡುಗಿಯನ್ನು ಕರೆದುಕೊಂಡು ಅವಳ ಅಂಗಡಿಗೆ ಬಂದ. ಶಹರಾನಿ ಕಸ್ಮಾಳ ಮಗ, ಪಕ್ಕದ ಮನೆಯವನು. ದಪ್ಪ ಮನುಷ್ಯ, ಹಕ್ಕಿ ಸಾಕುವ ಹುಚ್ಚಿನವನು. ಹುಡುಗಿಯ ಹೆಸರು ರಿಫ್ಕಾ. ಕೂತವಳೇ ಒಂದು ಹಳೆಯ ನಕ್ಷೆ ಬಿಚ್ಚಿದಳು.

"ಅಮ್ಮಾ, ಈ ನೀಲಿ ಗೆರೆ ನೋಡಿ. ಇದು ನಿಮ್ಮ ತೊರೆ."

"ಕನ್ನಡಕ ಇಲ್ಲದೆ ನಂಗೆ ಗೆರೆ ಕಾಣ್ಸಲ್ಲ. ಕಡುಬು ತಿಂತೀಯಾ?"

"ತಿಂತೀನಿ. ಆಮೇಲೂ ಇದನ್ನೇ ಮಾತಾಡ್ತೀನಿ," ಎಂದು ರಿಫ್ಕಾ ನಕ್ಕಳು. "ಇದನ್ನ ಮತ್ತೆ ತೆಗೀಬೇಕು ಅಂತ ಆಗಿದೆ. ನೀರಿಗೆ ಹೋಗೋಕೆ ದಾರಿನೇ ಇಲ್ಲಮ್ಮ ಈ ಕಡೆ. ಒಂದು ದೊಡ್ಡ ಮಳೆ ಬಂದ್ರೆ ಇಡೀ ಓಣಿ ಬೋಗುಣಿ ಥರ ತುಂಬ್ಕೊಳತ್ತೆ. ಈ ಕಡೆ ಹದಿನೆಂಟು ಮನೆ, ಆ ಕಡೆ ಇಪ್ಪತ್ತೊಂದು. ಎಲ್ರೂ ಒಪ್ಪಿದಾರೆ. ಮಧ್ಯ ನಿಮ್ಮ ಅಡುಗೆಮನೆ."

"ಗಂಟಲಲ್ಲಿ ಸಿಕ್ಕ ಮುಳ್ಳು ಅಂತೀಯ."

"ನಾನು ಹಾಗಂದಿಲ್ಲ."

"ನಾನಂತೀನಿ," ಎಂದ ಶಹರಾನಿ. "ನಾನೂ ಹಿಂದಿನ ಕೋಣೆ ಬಿಟ್ಕೊಡ್ತಿದೀನಿ ಅಕ್ಕಾ. ಹಕ್ಕಿಗಳಿರೋ ಕೋಣೆ! ಅವಕ್ಕೆ ನಾನಿನ್ನೂ ಸುದ್ದಿ ಹೇಳಿಲ್ಲ, ಹಾಡೋದು ನಿಲ್ಲಿಸಿಬಿಟ್ರೆ ಕಷ್ಟ."

ರಿಫ್ಕಾ ನಕ್ಕಳು. ಅರ್ಬೈನಾ ನಗಲಿಲ್ಲ. "ನನ್ನ ಕೈಲಿ ಆಗಲ್ಲ," ಎಂದಳು.

"ಯಾಕಮ್ಮಾ?"

ಅರ್ಬೈನಾ ಚಹಾದ ಲೋಟಗಳನ್ನು ಎತ್ತಿ ಬಕೆಟ್ಟಿನಲ್ಲಿ ಅದ್ದಿದಳು. ಏನೋ ಇದೆಯೆಂದು ಅರಿತು ಹುಡುಗಿ ನಕ್ಷೆ ಮಡಚಿ ಎದ್ದಳು. ಶಹರಾನಿ ಹಿಂದೆ ಉಳಿದು ದನಿ ತಗ್ಗಿಸಿದ.

"ಇಪ್ಪತ್ತಮೂರು ವರ್ಷ ಆಯ್ತಕ್ಕಾ."

"ನಿನಗೆ ಆಯ್ತು."

ಅವಳ ಹೆದರಿಕೆ ಮೂಳೆ ಸಿಗುತ್ತದೆಂಬುದಲ್ಲ. ಗೋಡೆ ಒಡೆದು ನೀರು ಬಿಟ್ಟರೆ ಮಗು ನೀರಿನ ಜೊತೆ ಹೋಗಿಬಿಡುತ್ತದೆ ಎಂಬುದು. ಗಂಡ ಹೋದ, ತಾನು ಮುದುಕಿಯಾಗಿದ್ದಾಯಿತು, ದಿನಕ್ಕೊಮ್ಮೆ ಹಿಂದೆ ನಡೆದಾಡುವ ಆ ಕಾಲುಗಳೂ ಹೋದರೆ ಆಮೇಲೆ ಯಾವುದಕ್ಕೆ ಕಿವಿಗೊಟ್ಟು ಕೂರುವುದು? ಓಣಿಯಲ್ಲಿ ಮಾತು ಶುರುವಾಯಿತು. ನೀರು ಹಿಡಿಯುವ ನಲ್ಲಿಯ ಹತ್ತಿರ ಹೆಂಗಸೊಬ್ಬಳು ಅವಳಿಗೆ ಕೇಳಿಸುವಂತೆಯೇ, "ಕೆಲವರು ತಾವೂ ಕುಡಿಯಲ್ಲ, ಹರಿಯೋಕೂ ಬಿಡಲ್ಲ," ಎಂದಳು. ಅರ್ಬೈನಾ ಬಿಂದಿಗೆ ತುಂಬಿಸಿಕೊಂಡು ಬಂದಳು.

ಜನವರಿಯಲ್ಲಿ ಮೇಲಿನ ಬೆಟ್ಟಗಳಲ್ಲಿ ಒಂಬತ್ತು ದಿನ ಬಿಡದೆ ಮಳೆ ಹೊಯ್ದಿತು. ಹತ್ತನೆಯ ದಿನ ಬೆಳಿಗ್ಗೆ ಓಣಿಯ ಚರಂಡಿಗಳು ಹಿಂದಕ್ಕೆ ಉಕ್ಕಿದವು. ಮಧ್ಯಾಹ್ನಕ್ಕೆ ಮೊಣಕಾಲು, ಸಂಜೆಗೆ ತೊಡೆ. ಆಮೇಲೆ ನೀರು ಏರಲೂ ಇಲ್ಲ, ಇಳಿಯಲೂ ಇಲ್ಲ. ನದಿ ಇಳಿದ ಸುದ್ದಿ ಬಂತು, ಊರಿನ ಬೇರೆ ಕಡೆ ಜನ ಮನೆ ತೊಳೆಯುತ್ತಿದ್ದಾರೆಂಬ ಸುದ್ದಿ ಬಂತು. ಇಲ್ಲಿ ಮಾತ್ರ ಕರಿಬಣ್ಣದ ನೀರು ಮನೆಮನೆಯೊಳಗೆ ಅತಿಥಿಯ ಹಾಗೆ ಕೂತುಬಿಟ್ಟಿತು. ಚಪ್ಪಲಿ, ಇಲಿ, ಔಷಧಿಯ ಬಾಟಲಿ ಎಲ್ಲ ಮಂಚದ ಸುತ್ತ ತೇಲುತ್ತಿದ್ದವು.

ಅರ್ಬೈನಾಳ ಮನೆಯ ಮುಂದಿನ ಕೋಣೆ ನೀರಲ್ಲೂ ಕೊಳೆಯದ ಹಳೆಯ ಕಬ್ಬಿಣಮರದ ಕಂಬಗಳ ಮೇಲಿದ್ದುದರಿಂದ ಒಂದು ಗೇಣು ಎತ್ತರ. ಶಹರಾನಿ ತನ್ನ ತಾಯಿಯನ್ನು ಹೊತ್ತು ತಂದು ಅವಳ ಮಂಚದ ಮೇಲೆ ಇಳಿಸಿದ. ಕಸ್ಮಾಳಿಗೀಗ ಎಂಬತ್ತೆರಡು, ಓಣಿಗೆಲ್ಲ ಕಸ್ಮಾ ಅಜ್ಜಿ. ಕಾಲಿನ ಹುಣ್ಣಿಗೆ ಕೊಳೆನೀರು ತಾಗಿ ಊದಿಕೊಂಡಿತ್ತು.

"ತೊರೆಯ ಕುತ್ತಿಗೆ ಹಿಚುಕಿದೋಳ ಮನೇಲೇ ಜಾಗ ಕೊಟ್ಟಿದೀಯಲ್ಲೋ," ಎಂದು ಅಜ್ಜಿ ಮಗನಿಗೆ ಹೇಳಿದಳು.

"ಅಮ್ಮಾ, ಬಾಯಿ ಮುಚ್ಚಿಕೋ."

"ಬೈಯಲಿ ಬಿಡು," ಎಂದಳು ಅರ್ಬೈನಾ. "ಬೈಯೋಕಾದ್ರೂ ಒಬ್ರು ಬಂದ್ರಲ್ಲ."

ನೀರು ನಿಂತ ದಿನದಿಂದ ಹೆಜ್ಜೆಸಪ್ಪಳ ಇರಲಿಲ್ಲ. ಮುಳುಗಿದ ನೆಲದ ಮೇಲೆ ಯಾರು ನಡೆಯಬೇಕು? ಬದಲಿಗೆ, ಭರತದ ಹೊತ್ತಿಗೆ, ಅಡುಗೆಮನೆಯ ಹಿಂದಿನ ಗೋಡೆಗೆ ಏನೋ ಬಡಿಯುತ್ತಿತ್ತು. ನಾಲ್ಕನೆಯ ದಿನ ಅಜ್ಜಿ ತಲೆಯೆತ್ತಿ ಕೇಳಿಸಿಕೊಂಡಳು.

"ಅರ್ಬೈನಾ, ನಿನ್ನ ಗೋಡೆಗೆ ಏನೋ ಬಡೀತಿದೆ."

"ತೆಂಗಿನಕಾಯಿ ಇರ್ಬೇಕಜ್ಜಿ. ತೇಲ್ತಾ ಇರತ್ತೆ."

"ತೆಂಗಿನಕಾಯಿ ಬಡಿದ್ರೆ ಬಡೀತು ಅಷ್ಟೆ. ಇದು ಬಡಿದು ಸುಮ್ನಾಗತ್ತೆ. ಯಾರಾದ್ರೂ ತೆಗೀತಾರಾ ಅಂತ ಕಾಯತ್ತೆ. ಆಮೇಲೆ ಮತ್ತೆ ಬಡಿಯತ್ತೆ."

ಅರ್ಬೈನಾ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಮಂಚದ ಮೇಲಿಟ್ಟಳು. ಇಷ್ಟು ವರ್ಷದಲ್ಲಿ ಆ ಮನೆಯ ಸದ್ದು ಇನ್ನೊಬ್ಬರ ಕಿವಿಗೆ ಬಿದ್ದಿದ್ದು ಅದೇ ಮೊದಲು. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಯಾವಾಗಿನಿಂದ?"

"ಸಿಮೆಂಟು ಹಾಕಿದಾಗಿನಿಂದ. ಆದ್ರೆ ಹೀಗಲ್ಲ, ನಡೀತಿದ್ಲು. ನನ್ನ ಹತ್ರ ಬರ್ತಿದ್ಲು."

"ನಿನ್ನ ಹತ್ರಾನೇ ಬರ್ತಿದ್ಲು ಅಂತ ನೋಡಿದೀಯಾ?"

ಅರ್ಬೈನಾ ಬಿಂದಿಗೆಯ ನೀರಿನಲ್ಲಿ ಬಟ್ಟೆಯೊಂದನ್ನು ಅದ್ದಿ ಹಿಂಡಿದಳು. ಅಜ್ಜಿಗೆ ಮತ್ತೆ ಕೇಳುವಷ್ಟು ಶಕ್ತಿ ಇರಲಿಲ್ಲ. ಜ್ವರ ಏರಿತ್ತು. ಬಟ್ಟೆ ಹಿಂಡುತ್ತಾ ತಲೆ ಬಗ್ಗಿಸಿದ್ದರ ಬಗ್ಗೆ ಏನೇನೋ ಬಡಬಡಿಸಿದಳು. ಅಷ್ಟು ಜೋರಾಗಿ ಹಿಂಡಬಾರದಿತ್ತು, ಅರ್ಧ ಹಿಂಡಿ ನೋಡಬಹುದಿತ್ತು ಎಂದು. ಅರ್ಬೈನಾ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿ, "ನಿನ್ನ ತಪ್ಪಲ್ಲಜ್ಜಿ," ಎಂದಳು. ಇಪ್ಪತ್ತಮೂರು ವರ್ಷ ತಡವಾಗಿ ಹೇಳಿದೆ ಅನ್ನಿಸಿತು.

ನೀರು ನಿಂತ ಹನ್ನೊಂದನೆಯ ದಿನ ಮಧ್ಯಾಹ್ನ ಕಸ್ಮಾ ಅಜ್ಜಿ ತೀರಿಕೊಂಡಳು. ಹಿಂದಿನ ದಿನ ಸ್ವಲ್ಪ ಎಚ್ಚರವಿದ್ದಾಗ, "ನಾನು ಮದುವೆಯಾಗಿ ಬಂದಿದ್ದು ಹೂವಿನ ದೋಣೀಲಿ. ಹೋಗೋದು ಹೆಂಗೆ?" ಎಂದು ಕೇಳಿದ್ದಳು. ಹೋಗಿದ್ದು ಹೀಗೆ: ಶಹರಾನಿಯ ಮನೆಯ ಬಾಗಿಲು ಕಿತ್ತು, ಲಾರಿಯ ಎರಡು ಟ್ಯೂಬಿನ ಮೇಲೆ ಕಟ್ಟಿ, ಅದರ ಮೇಲೆ ದೇಹವಿಟ್ಟು ಎಂಟು ಜನ ತೊಡೆಮಟ್ಟದ ನೀರಿನಲ್ಲಿ ತಳ್ಳಿದರು. ಸ್ಮಶಾನವಿದ್ದಿದ್ದು ಮನೆಗಳ ಹಿಂದೆಯೇ, ತೊರೆಯಿದ್ದಾಗ ಹುಟ್ಟು ಹಾಕಿದರೆ ಐದು ನಿಮಿಷ. ಈಗ ಓಣಿ ಸುತ್ತಿ, ದೊಡ್ಡ ರಸ್ತೆ ಸುತ್ತಿ ಎರಡೂವರೆ ಗಂಟೆ ಹಿಡಿಯಿತು. ತಿರುವಿನಲ್ಲಿ ಟ್ಯೂಬು ಓಲಾಡಿ ಅಜ್ಜಿಯ ಒಂದು ಕೈ ಹೊದಿಕೆಯಿಂದ ಜಾರಿ ನೀರಿಗೆ ಇಳಿಯಿತು. ಶಹರಾನಿ ಅದನ್ನು ಎತ್ತಿ ಒಳಗಿಟ್ಟು, ಜನರೆದುರಿಗೇ ಮಗುವಿನ ಹಾಗೆ ಅತ್ತ. ಅರ್ಬೈನಾ ಹಿಂದೆ ನಿಂತು ನೋಡಿದಳು. ಅವಳಿಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನೀರು ಪೂರ್ತಿ ಇಳಿಯಲು ಇನ್ನೂ ಐದು ದಿನ ಬೇಕಾಯಿತು. ಹದಿನಾರನೆಯ ದಿನ ಬೆಳಿಗ್ಗೆ ಅಡುಗೆಮನೆಯ ನೆಲ ಕಂಡಿತು. ಅಂಗುಲ ದಪ್ಪದ ನುಣ್ಣನೆ ಕೆಸರು, ಕೆನೆಗಟ್ಟಿದ ಹಾಗೆ. ಅರ್ಬೈನಾ ಪೊರಕೆ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು.

ಕೆಸರಿನ ತುಂಬ ಹೆಜ್ಜೆಗಳು. ಏಳು ವರ್ಷದ ಮಗುವಿನ ಪಾದ, ಐದೈದು ಬೆರಳು ಸ್ಪಷ್ಟವಾಗಿ ಒತ್ತಿದ್ದವು. ಈ ಸಲ ಆರಿಹೋಗಿರಲಿಲ್ಲ. ಅವಳು ಮೊಣಕಾಲೂರಿ ಒಂದೊಂದನ್ನೂ ನೋಡಿದಳು. ಒಲೆಯ ಕಡೆಗೆ ಬಂದದ್ದು ಒಂದೂ ಇರಲಿಲ್ಲ. ಎಲ್ಲವೂ ಇಲ್ಲಿಂದ ಹೊರಟು ಅಲ್ಲಿಗೆ, ಹಿಂದಿನ ಗೋಡೆಗೆ ಹೋಗಿದ್ದವು. ಬಾಗಿಲಿದ್ದ ದಿಕ್ಕಿಗೆ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಬಿದ್ದು ನೆಲವೆಲ್ಲ ತುಳಿದಂತಾಗಿತ್ತು. ಬೆರಳುಗಳು ಇಟ್ಟಿಗೆಗೆ ಒತ್ತಿ ನಿಂತಿದ್ದವು, ತುದಿಗಾಲಲ್ಲಿ ನಿಂತು ಚಿಲಕ ಹುಡುಕುವವರ ಹಾಗೆ.

ಮಗು ತನ್ನ ಹತ್ತಿರ ಬರುತ್ತಿರಲಿಲ್ಲ. ಒಮ್ಮೆಯೂ ಬಂದಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ನೀರು ಏರಿದಾಗಲೆಲ್ಲ, ದಾರಿ ಹುಡುಕುತ್ತಿತ್ತು.

"ಅಯ್ಯೋ ಕಂದಾ," ಎಂದಳು ಅರ್ಬೈನಾ. "ನಾನು ತಟ್ಟೆ ಇಡ್ತಾ ಕೂತಿದ್ನಲ್ಲೇ."

ಜಮ್ಹಾರಿಯ ಹಾರೆ ಮುಂದಿನ ಕೋಣೆಯ ಅಟ್ಟದಲ್ಲಿತ್ತು. ಸದ್ದು ಕೇಳಿ ಶಹರಾನಿ ಓಡಿ ಬರುವಷ್ಟರಲ್ಲಿ ಗೋಡೆಯಲ್ಲಿ ಬೋಗುಣಿಯಗಲದ ತೂತಾಗಿತ್ತು. ಅರ್ಬೈನಾಳ ಅಂಗೈ ಸುಲಿದು ರಕ್ತ ಬರುತ್ತಿತ್ತು.

"ಅಕ್ಕಾ! ಏನು ಮಾಡ್ತಿದೀಯಾ?"

"ಆ ನಕ್ಷೆ ಹುಡುಗೀನ ಕರಿ."

ಶಹರಾನಿ ಒಳಗೆ ಕಾಲಿಡಲು ಹೋಗಿ ನೆಲ ನೋಡಿದ. "ಒಳಗೆ ಯಾರ ಮಗು ಬಂದಿತ್ತಕ್ಕಾ?" ಎಂದು ಕೇಳುತ್ತಾ ಕೇಳುತ್ತಾ ಅವನ ದನಿ ಇಳಿಯಿತು. ತಲೆಯ ಮೇಲಿನ ಟೋಪಿ ತೆಗೆದ. ಮನೆ ಸುತ್ತಿ ಹಿಂದಿನಿಂದ ಬಂದು, ಆಚೆ ಕಡೆಯಿಂದ ಇಟ್ಟಿಗೆ ಕೀಳಲು ಕೈ ಹಾಕಿದ.

ಅಗೆತ ಐದು ವಾರ ನಡೆಯಿತು. ಎರಡೂ ಕಡೆಯ ಉದ್ದಕ್ಕೆ ಯಂತ್ರ ಬಂತು. ಅರ್ಬೈನಾಳ ಮನೆಯ ಹಿಂದೆ ಮಾತ್ರ ಕಂಬಗಳಿಗೆ ಪೆಟ್ಟಾಗದಂತೆ ಓಣಿಯವರೇ ಸಲಿಕೆ ಹಿಡಿದರು. ರಿಫ್ಕಾ ಪ್ಯಾಂಟು ಮಡಚಿ ಮೊಣಕಾಲುದ್ದದ ಕೆಸರಿಗೆ ಇಳಿದಳು. ಶಹರಾನಿ ವಿಷಯ ಹೇಳಿದ್ದನೇನೋ, ಪ್ರತಿ ಬುಟ್ಟಿಯನ್ನೂ ಅರ್ಬೈನಾಳ ಮುಂದೆ ಸುರಿದು ಅವಳು ಬೆರಳಾಡಿಸಿ ನೋಡುವವರೆಗೆ ಕಾಯುತ್ತಿದ್ದಳು. ಹೊಟ್ಟು ಕೊಳೆತು ಕಪ್ಪು ಬೆಣ್ಣೆಯಾಗಿತ್ತು. ಅದರಲ್ಲಿ ಪಿಂಗಾಣಿ ತಟ್ಟೆ ಸಿಕ್ಕಿತು, ಯಾರದೋ ದೊಡ್ಡ ಚಪ್ಪಲಿ ಸಿಕ್ಕಿತು, ಬಾತುಕೋಳಿಯ ಮೂಳೆ ಸಿಕ್ಕಿತು. ಇಂತಾನ್ ಸಿಗಲಿಲ್ಲ.

ಆಳುದ್ದ ಕೆಳಗೆ ಹಳೆಯ ಹಲಗೆದಾರಿ ಸಿಕ್ಕಿತು. ಜಮ್ಹಾರಿ ಅದನ್ನು ಕಿತ್ತಿರಲಿಲ್ಲ, ಇದ್ದಂತೆಯೇ ಹೂತಿದ್ದ. ಕಬ್ಬಿಣಮರದ ಕಂಬಗಳೂ ಹಲಗೆಗಳೂ ನಿನ್ನೆ ಹಾಕಿದಂತೆ ಗಟ್ಟಿಯಾಗಿದ್ದವು. ಮನೆಯ ಮೆಟ್ಟಿಲಿಗೆ ಎದುರಾದ ಒಂದೇ ಒಂದು ಹಲಗೆ ಅಗ್ಗದ ಮರದ ತೇಪೆ. ನಡುವೆ ಮುರಿದು ಎರಡು ತುಂಡಾಗಿ ಕಂಬಕ್ಕೆ ಜೋತುಬಿದ್ದಿತ್ತು. ಶಹರಾನಿ ಒಂದು ತುಂಡನ್ನು ಕಿತ್ತು ಎಸೆಯಲು ಹೋದ. ಅರ್ಬೈನಾ, "ಕೊಡಿಲ್ಲಿ," ಎಂದಳು.

ತೊಳೆದಾಗ ಹಲಗೆಯ ಮೇಲೆ ಉಳಿಯಿಂದ ಕೆತ್ತಿದ ಗುರುತು ಕಂಡಿತು. ಅಡ್ಡಡ್ಡ ಎರಡು ಗೆರೆ.

ಅಂಥ ಗುರುತನ್ನು ಅವಳು ನೂರು ಸಲ ನೋಡಿದ್ದಳು. ಕೆಟ್ಟ ಹಲಗೆ, ಬದಲಾಯಿಸಬೇಕು ಎನ್ನುವುದಕ್ಕೆ ಜಮ್ಹಾರಿ ಹಾಕುತ್ತಿದ್ದ ಗುರುತು. ಆ ತಿಂಗಳು ಅವನು ಮಸೀದಿಯ ಕಡೆಯವರ ಹಲಗೆದಾರಿ ಮಾಡುತ್ತಿದ್ದ. ನಮ್ಮದು ಆಮೇಲೆ ಮಾಡಿದರಾಯಿತು ಎಂದಿರಬೇಕು. ಅವನಿಗೆ ಗೊತ್ತಿತ್ತು. ಕಾಲು ಜಾರಿ ಬಿದ್ದಳು ಎಂದು ಊರೆಲ್ಲ ಅಂದಾಗ ಸುಮ್ಮನಿದ್ದ. ಎರಡು ವರ್ಷ ಮೂಟೆ ಹೊತ್ತಿದ್ದು ಬೇರೆ ಮಕ್ಕಳನ್ನು ಉಳಿಸಲಿಕ್ಕೋ, ಈ ಹಲಗೆಯನ್ನು ಹೂಳಲಿಕ್ಕೋ?

ಮರುದಿನ ಅವಳು ಗಂಡನ ಗೋರಿಯ ಹತ್ತಿರ ಹೋಗಿ ಕೂತಳು. ಹೂವು ಒಯ್ದಿರಲಿಲ್ಲ.

"ಹೇಳಿದ್ರೆ ನಾನೇನು ಮಾಡ್ತಿದ್ದೆ?" ಎಂದು ಕೇಳಿದಳು. "ಹೊಡೀತಿದ್ದೆ. ಮುಖಕ್ಕೆ ಉಗೀತಿದ್ದೆ. ತವರಿಗೆ ಹೋಗ್ತಿದ್ದೆ. ಆಮೇಲೆ ವಾಪಸ್ ಬರ್ತಿದ್ದೆ ಕಣೋ. ಇಬ್ರೂ ಕೂತು ಅಳಬಹುದಿತ್ತು. ಒಂದ್ಸಲಾನೂ ನನ್ನನ್ನ ನಿನ್ನ ಜೊತೆ ಅಳೋಕೆ ಬಿಡ್ಲಿಲ್ಲ ನೀನು."

ಬಿಸಿಲು ತಲೆ ಸುಡುವವರೆಗೆ ಕೂತಿದ್ದು ಎದ್ದು ಬಂದಳು. ಕ್ಷಮಿಸಿದಳೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ.

ನೀರು ತಡೆಯಲು ಎರಡೂ ತುದಿಯಲ್ಲಿ ಬಿಟ್ಟಿದ್ದ ಒಡ್ಡು ಒಡೆದಿದ್ದು ಮಾರ್ಚಿನ ಒಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದ ಮೇಲೆ. ಓಣಿಯೆಲ್ಲ ಹೊರಗೆ ನಿಂತಿತ್ತು. ಅರ್ಬೈನಾ ಒಳಗೆ ಒಲೆಯ ಮುಂದೆ, ಎಂದಿನಂತೆ ಬೆನ್ನು ತಿರುಗಿಸಿ ಕೂತಿದ್ದಳು. ಅಡುಗೆಮನೆ ಈಗ ಅರ್ಧವಾಗಿತ್ತು. ಹಳೆಯ ಜಾಗದಲ್ಲಿ ಮತ್ತೆ ಬಾಗಿಲು, ಬಾಗಿಲಾಚೆ ಶಹರಾನಿ ಹಾಕಿಸಿದ ಹೊಸ ಮೆಟ್ಟಿಲು. ಭರತದ ನೀರು ಎರಡು ಕಡೆಯಿಂದ ಬಂದು ಮನೆಯ ಕೆಳಗೆ ಸೇರಿದ ಸದ್ದು ಕೇಳಿಸಿತು. ಆಮೇಲೆ ಹಿಂದೆ ಹೆಜ್ಜೆ. ಪಟ ಪಟ ಪಟ. ನಿಲ್ಲಲಿಲ್ಲ. ಹೊಸ್ತಿಲ ಮೇಲೆ ಮರದ ದನಿ, ಮೊದಲ ಮೆಟ್ಟಿಲು, ಎರಡನೆಯದು.

ಆಗ ಅವಳು ತಿರುಗಿದಳು. ನೋಡಿದರೆ ಹೋಗಿಬಿಡುತ್ತದೆಂದು ಗೊತ್ತಿದ್ದೇ ತಿರುಗಿದಳು. ಬಾಗಿಲಿನ ಚೌಕದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಎರಡನೆಯ ಮೆಟ್ಟಿಲ ಮೇಲೆ ಒಂದು ಒದ್ದೆ ಗುರುತು, ಬೆರಳು ಹೊರಮುಖವಾಗಿ. ಮೂರನೆಯದು ನೀರಿನ ಕೆಳಗಿತ್ತು.

"ಹುಷಾರು ಮಗಾ," ಎಂದಳು. ಬೇರೇನೂ ಹೊಳೆಯಲಿಲ್ಲ.

ಮತ್ತೆ ಸಪ್ಪಳ ಬರಲಿಲ್ಲ. ತಿಂಗಳುಗಟ್ಟಲೆ ಭರತದ ಹೊತ್ತಿಗೆ ಅವಳ ಕೈ ತಾನಾಗಿ ನಿಧಾನವಾಗುತ್ತಿತ್ತು. ಕಿವಿ ಹುಡುಕುತ್ತಿತ್ತು. ಕೇಳಿಸುತ್ತಿದ್ದುದು ಕಂಬಕ್ಕೆ ನೀರು ತಾಗುವ ಸದ್ದು, ಶಹರಾನಿಯ ಹಕ್ಕಿಗಳ ಕೂಗು. ಹೆಂಗಸೊಬ್ಬಳು ಸೊಪ್ಪಿನ ದೋಣಿ ತಂದು ಹಿಂಬಾಗಿಲಲ್ಲಿ, "ಅಕ್ಕಾ, ಇದೀಯಾ?" ಎನ್ನತೊಡಗಿದಳು. ಮಧ್ಯಾಹ್ನ ಮನೆಯೊಳಗೆ ಗಾಳಿ ಹಾಯುತ್ತಿತ್ತು. ಬೀಸಣಿಗೆಗಳು ಎಲ್ಲಿ ಹೋದವೋ. ರಿಫ್ಕಾ ತಂದ ರಂಬಾಯ್ ಸಸಿಗಳನ್ನು ಎರಡೂ ದಡಕ್ಕೆ ನೆಟ್ಟರು, ಅವುಗಳ ಬೇರಿನಲ್ಲಿ ಮೀನುಮರಿ ಸೇರಿಕೊಂಡವು. ಮುಂದಿನ ಜನವರಿಯಲ್ಲಿ ಮತ್ತೆ ಮಳೆ ಬಂತು. ಬೆಳಿಗ್ಗೆ ಓಣಿಯಲ್ಲಿ ಮೊಣಕಾಲು ನೀರು. ಎಲ್ಲರೂ ಸಾಮಾನು ಮಂಚದ ಮೇಲೇರಿಸಿ, ಹಿಂಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದರು. ಮರುದಿನ ಮಧ್ಯಾಹ್ನಕ್ಕೆ ಇಳಿತ ಬಂದಾಗ ಕೆಂಪು ನೀರು ಸುಳಿ ತಿರುಗುತ್ತಾ ನದಿಯ ಕಡೆಗೆ ಹೋಯಿತು. ನಲ್ಲಿಯ ಹತ್ತಿರ ಚುಚ್ಚಿ ಮಾತಾಡಿದ ಹೆಂಗಸೇ ಮೊದಲು ಚಪ್ಪಾಳೆ ತಟ್ಟಿದಳು. ಅರ್ಬೈನಾ ಒಳಗೆ ಹೋಗಿ ಅತ್ತಳು. ಕಸ್ಮಾ ಅಜ್ಜಿ ಒಂದು ವರ್ಷ ತಡೆದಿದ್ದರೆ ಎಂದು.

ಶಹರಾನಿಗೆ ಆರು ವರ್ಷದ ಮೊಮ್ಮಗಳಿದ್ದಳು, ಜೀಲಾ. ಅವಳ ತಾಯಿ ಹಿಂಬಾಗಿಲಿಗೆ ಕಬ್ಬಿಣದ ಕಂಬಿ ಹಾಕಿಸುವ ಮಾತೆತ್ತಿದಾಗ ಅರ್ಬೈನಾ ಬೇಲಿಯಾಚೆಯಿಂದ ಕೂಗಿದಳು.

"ಕಂಬಿ ಬೇಡ. ಅವಳನ್ನ ನನಗೆ ಕೊಡು."

"ಕೊಟ್ರೆ?"

"ಈಜು ಕಲಿಸ್ತೀನಿ. ಈ ಓಣೀಲಿ ಈಜು ಬರದ ಮಗೂಗೆ ಇನ್ಮೇಲೆ ನನ್ನ ಕಡುಬಿಲ್ಲ."

ತೊರೆಗಿಳಿದು ಅರ್ಬೈನಾಳಿಗೆ ಇಪ್ಪತ್ನಾಲ್ಕು ವರ್ಷವಾಗಿತ್ತು. ಮೂರನೆಯ ಮೆಟ್ಟಿಲಿಂದ ಕಾಲಿಟ್ಟಾಗ ತಳದ ಕೆಸರು ಬೆರಳ ಸಂದಿಯಲ್ಲಿ ಮೆತ್ತಗೆ ಹಿಡಿದುಕೊಂಡಿತು. ಜೀಲಾ ಕುತ್ತಿಗೆಗೆ ಜೋತುಬಿದ್ದು ಬಿಡಲೊಲ್ಲಳು.

"ಅಜ್ಜಿ, ಕೆಳಗೆ ಏನಿದೆ?"

"ಕೆಸರು."

"ಇನ್ನೇನಿದೆ?"

ಅರ್ಬೈನಾ ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನೀರಿನ ಮೇಲೆ ಮಲಗಿಸಿದಳು. ಭರತ ಏರುತ್ತಿತ್ತು.

"ನನ್ನ ಮಗಳಿದಾಳೆ. ಇಂತಾನ್ ಅಂತ. ನಿನಗಿಂತ ಒಂದು ವರ್ಷ ದೊಡ್ಡೋಳು."

ಜೀಲಾ ಕಣ್ಣರಳಿಸಿ ನೀರು ನೋಡಿದಳು. "ಕಚ್ತಾಳಾ?"

"ಹಲ್ಲಿಲ್ಲ ಅವಳಿಗೆ," ಎಂದಳು ಅರ್ಬೈನಾ. "ಕಾಲು ಬಡಿ. ಇನ್ನೂ ಜೋರಾಗಿ. ನಾನು ಹಿಡ್ಕೊಂಡಿದೀನಿ."